ಮರೆವಿಗೆ ಎಡೆಯಿಲ್ಲದ ನಕಲು

ಮುದನಾಳ, ಏಪ್ರಿಲ್ 7, ಸೋಮವಾರ
ಸಂಗ್ರಹದ ಲ್ಯಾಪ್‌ಟಾಪಿನ ಡಿಸ್ಕು ಹೋಯಿತು. ಚಾಲೂ ಮಾಡಿದರೆ ಟಕ್ ಟಕ್ ಸದ್ದು, ಅಷ್ಟೇ. ಶಹಾಪುರ, ಸುರಪುರ ಸೀಮೆ ತಿರುಗಿ ಹಿಡಿದಿಟ್ಟ ಹಂತಿ ಪದಗಳೆಲ್ಲ, ಕಣದಲ್ಲಿ ಎತ್ತು ಹೊಡೆಯುತ್ತ ಹಾಡುವವು, ಅದರಲ್ಲಿದ್ದವು. ಪೆನ್‌ಡ್ರೈವ್‌ನಲ್ಲಿ ಇರುವುದು ಡಿಸೆಂಬರ್‌ವರೆಗಿನವು. ಪ್ರತಿ ಶನಿವಾರ ಕಾಪಿ ಮಾಡಿಕೊಳ್ಳಿ ಎಂದವನು ನಾನೇ. ರಾಶಿ, ಜಾತ್ರೆ, ಮದುವೆಗಳ ನಡುವೆ ಯಾರಿಗೆ ನೆನಪಿರುತ್ತದೆ? ಜನವರಿಯಲ್ಲಿ ಹಾಡಿದ ಅಜ್ಜ ಹೋಳಿ ಹುಣ್ಣಿಮೆ ಹೊತ್ತಿಗೆ ತೀರಿಕೊಂಡ.

ಏಪ್ರಿಲ್ 9, ಬುಧವಾರ
ನಮ್ಮಲ್ಲಿರುವುದು ಡೆಸ್ಕ್‌ಟಾಪು 3, ಲ್ಯಾಪ್‌ಟಾಪು 5. ಡೆಸ್ಕ್‌ಟಾಪು ಕೂತಲ್ಲೇ ಇರುತ್ತದೆ, ರಾತ್ರಿ ನಕಲು ತೆಗೆಯಬಹುದು. ಲ್ಯಾಪ್‌ಟಾಪು ಇವತ್ತು ಇಲ್ಲಿ, ನಾಳೆ ಸುರಪುರದಲ್ಲಿ. ಅದಕ್ಕೆ ವೇಳೆ ಗೊತ್ತು ಮಾಡಿ ಉಪಯೋಗವಿಲ್ಲ. ಬ್ಯಾಕಪ್‌ಪಿಸಿ ಎಂಬ ಉಚಿತ ತಂತ್ರಾಂಶ ಇದಕ್ಕೆ ಸರಿ: ನಕಲು ಇಡುವ ಸರ್ವರೇ ಆಗಾಗ ಕೂಗಿ ನೋಡುತ್ತದೆ, ಲ್ಯಾಪ್‌ಟಾಪು ಓಗೊಟ್ಟರೆ ಕಡತಗಳನ್ನು ತಾನೇ ಎಳೆದುಕೊಳ್ಳುತ್ತದೆ. ಒಂದೇ ಕಡತ ಐದು ಕಡೆ ಇದ್ದರೂ ಡಿಸ್ಕಿನಲ್ಲಿ ಇಡುವುದು ಒಮ್ಮೆ ಮಾತ್ರ. ಬಹಳ ದಿನ ನಕಲಾಗದ ಯಂತ್ರವಿದ್ದರೆ ಮೇಲ್ ಬರುತ್ತದೆ. ಸರ್ವರಿನ ಪಾಸ್‌ವರ್ಡು ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಹೀಗಾಗಿ ಅದಕ್ಕೆ ವೈರಸ್ ಹೊಕ್ಕರೂ ಹಳೆಯ ನಕಲಿಗೆ ಕೈ ಹಾಕಲಾರದು. ನನಗೆ ಇದೇ ದೊಡ್ಡ ಸಮಾಧಾನ.

ಏಪ್ರಿಲ್ 12, ಶನಿವಾರ
ನಮ್ಮ ಹಳೆ ಸ್ವಿಚ್ಚು 100 ಎಂಬಿಪಿಎಸ್‌ನದು. ಸೆಕೆಂಡಿಗೆ 12 ಎಂಬಿ ದಾಟುವುದಿಲ್ಲ. 120 ಜಿಬಿಯ ಮೊದಲ ನಕಲಿಗೆ ಮೂರು ತಾಸು ಹತ್ತಿತು. ಮುಂದೆ ಬದಲಾದಷ್ಟೇ ಹೋಗುತ್ತದೆ, ನಿಮಿಷಗಳ ಕೆಲಸ. ನಡುವೆ ಎರಡು ಸಲ ಕರೆಂಟು ಹೋಯಿತು, ಯುಪಿಎಸ್ ಹಿಡಿದು ನಿಲ್ಲಿಸಿತು.
“ಸರ್ರ, ನಾ ಏನೂ ಒತ್ತಬೇಕಾಗಿಲ್ಲೇನ್ರೀ?” ಎಂದಳು ಕೆಲಸಕ್ಕೆ ಬಂದ ಹೊಸ ಹುಡುಗಿ.
“ಏನೂ ಒತ್ತಬ್ಯಾಡವ್ವ. ಬಂದ ಕೂಡ್ಲೆ ವೈರ್ ಹಚ್ಚು, ಸಾಕು.”

ಏಪ್ರಿಲ್ 16, ಬುಧವಾರ
ಸರ್ವರೂ ಇದೇ ಮಾಡಿನ ಕೆಳಗಿದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದ್ದನ್ನು ಕಂಡವನು ನಾನು. ಇನ್ನೊಂದು ಡಿಸ್ಕಿಗೆ ಎಲ್ಲ ಇಳಿಸಿ, ಬಟ್ಟೆಯಲ್ಲಿ ಸುತ್ತಿ ಶಹಾಪುರದ ಅಕ್ಕನ ಮನೆಯ ಟ್ರಂಕಿನಲ್ಲಿಟ್ಟು ಬಂದೆ. ತಿಂಗಳಿಗೊಮ್ಮೆ ಅದಲು ಬದಲು ಮಾಡಬೇಕು.

ಏಪ್ರಿಲ್ 21, ಸೋಮವಾರ
2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದಾಗ, ದಿನಾ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲ. ಆರು ತಾಸು ಹಿಂದಿನ ಒಂದು ನಕಲು ಉಳಿದಿದ್ದರಿಂದ ಬಚಾವಾದರು. ಅಂಥ ಕಂಪನಿಗೇ ಹೀಗಾದರೆ ನಾನು ನಂಬಿ ಕೂರುವುದು ಹೇಗೆ? ಇವತ್ತು ಬೇಕೆಂದೇ ಒಂದು ಪದದ ಕಡತ ಅಳಿಸಿ ಸರ್ವರಿನಿಂದ ವಾಪಸು ತಂದೆ. ಹಚ್ಚಿದೆ. ಎತ್ತು ಹೊಡೆಯುವ ಸದ್ದು, ಕೆಮ್ಮು, ಆಮೇಲೆ ಪದ. ಪೂರಾ ಕೂತು ಕೇಳಿದೆ.

ಎಂಟೂ ಯಂತ್ರಗಳ ನಕಲು ಆಗಿದೆ. ಜನವರಿಯಿಂದ ಈಚಿನ ಪದಗಳು ಮಾತ್ರ ಸಿಗಲಿಲ್ಲ.