ಕತ್ತರಿಸದೆ ಉಳಿಸಿದ ಮೌನ

ಸಂದರ್ಶನವನ್ನು ಎಡಿಟ್ ಮಾಡುವವರು ಮೊದಲು ಕತ್ತರಿಸುವುದೇ ತಡವರಿಕೆಯನ್ನು. ರಯಾನ್ ಗೀಲೆನ್ ಅವರ ‘ಮೈ ಬ್ಯೂಟಿಫುಲ್ ಸ್ಟಟರ್’ ಸಾಕ್ಷ್ಯಚಿತ್ರದಲ್ಲಿ ಅದನ್ನು ಕತ್ತರಿಸಿದರೆ ಚಿತ್ರವೇ ಉಳಿಯದು. ಅಮೆರಿಕದ ಉಗ್ಗುವ ಐವರು ಮಕ್ಕಳ ಕಥೆ ಅದು. ಅಣಕ, ಅವಮಾನ ಸಹಿಸಿ ಬಂದವರು, ಉಗ್ಗುವ ಮಕ್ಕಳಿಗಾಗಿಯೇ ಇರುವ ನ್ಯೂಯಾರ್ಕ್‌ನ ‘ಸೇ’ ಸಂಸ್ಥೆಯಲ್ಲಿ ತಮ್ಮಂಥವರನ್ನೇ ಕಾಣುತ್ತಾರೆ.

ಮಾತಿಗೆ ಹೊರಟ ಮಗುವಿನ ತುಟಿ ಅದುರುತ್ತದೆ, ಸದ್ದು ಹೊರಡುವುದಿಲ್ಲ. ಎದುರಿಗೇ ಕೂತಿದ್ದರೆ ಆ ಪದವನ್ನು ನಾವೇ ಮುಗಿಸಿಕೊಟ್ಟುಬಿಡುತ್ತಿದ್ದೆವು, ಸಹಾಯ ಅಂದುಕೊಂಡೇ. ಪರದೆಯ ಮುಂದೆ ಹಾಗೆ ಮಾಡಲಾಗದು. ಕಾಯಲೇಬೇಕು. ಕಾಯುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಮಾಧ್ಯಮ ಇನ್ನೊಂದನ್ನು ನಾನು ಕಂಡಿಲ್ಲ.

ನಮ್ಮ ಮನೆಗಳಲ್ಲಿ ಬಜೆ ತೇಯ್ದು ಉಗ್ಗುವ ಮಗುವಿನ ನಾಲಿಗೆಗೆ ಸವರುತ್ತಾರೆ, ‘ಹೆದರ್ಬೇಡ, ನಿಧಾನಕ್ಕೆ ಹೇಳು ಮಗಾ’ ಅನ್ನುತ್ತಾರೆ. ಪ್ರೀತಿಯಿಂದಲೇ. ಆದರೆ ಉಗ್ಗು ಹುಟ್ಟುವುದು ದಪ್ಪ ನಾಲಿಗೆಯಿಂದಲೂ ಅಲ್ಲ, ಅಂಜಿಕೆಯಿಂದಲೂ ಅಲ್ಲ. ಮಿದುಳು ಮಾತನ್ನು ಹೊಂದಿಸುವ ಬಗೆಯಲ್ಲಿ ಅದರ ಬೇರಿದೆ, ಎಷ್ಟೋ ಸಲ ವಂಶದಲ್ಲೂ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರು ಉಗ್ಗುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಾಗಿಲು ದಶಕಗಳಿಂದ ಅವರಿಗೆ ತೆರೆದಿದೆ.

ನಮ್ಮ ಸಿನಿಮಾಗಳು ಪ್ರೇಕ್ಷಕರನ್ನು ನಗಿಸಲೆಂದೇ ಉಗ್ಗುವವನನ್ನು ಕರೆತಂದದ್ದು ಹೆಚ್ಚು. ಕನ್ನಡದಲ್ಲೂ ಇಂಥದೊಂದು ಸಾಕ್ಷ್ಯಚಿತ್ರ ಬರಲಿ. ಹಾಜರಿ ಕರೆದಾಗ ‘ಪ್ರೆಸೆಂಟ್’ ಅನ್ನಲು ಹೆಣಗುವ ಹುಡುಗಿಯಿಂದ ಶುರುವಾಗಲಿ, ಅವಳು ಆ ಪದ ಮುಗಿಸುವವರೆಗೂ ಕ್ಯಾಮೆರಾ ಅಲ್ಲೇ ಇರಲಿ.