ಮೂವರ ರೂಮು, ಒಂದು ಮಾತ್ರೆ

ನಾವು ಮೂವರು. ಒಬ್ಬಳು ಪುತ್ತೂರಿನವಳು, ಒಬ್ಬಳು ಶಿವಮೊಗ್ಗದವಳು, ಇನ್ನೊಬ್ಬಳು ಬಾಗಲಕೋಟೆಯವಳು. ಹಾಸ್ಟೆಲ್ ಸಿಗದೆ ಎರಡನೇ ವರ್ಷ ಹಂಪನಕಟ್ಟೆಯ ಒಂದು ಪೀಜಿಯ ಮೂರನೇ ಮಹಡಿಗೆ ಬಂದು ಬಿದ್ದವರು. ಕಿಟಕಿ ತೆಗೆದರೆ ಬಸ್ ಕಂಡಕ್ಟರುಗಳ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಕೂಗು, ಮುಚ್ಚಿದರೆ ಸೆಕೆ. ಹಿಂದೆ ಅಪ್ಪಣ್ಣ ಅನ್ನುವವರು ದಾರಿಹೋಕರಿಗೆ ಕುಡಿಯಲು ನೀರು ಕೊಡುತ್ತಿದ್ದ ಕಟ್ಟೆ ಇಲ್ಲಿತ್ತು, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯ್ತು ಅಂತ ಇಲ್ಲಿಯವರು ಹೇಳ್ತಾರೆ. ಈಗ ನೀರಿಗಿಂತ ಜಾಸ್ತಿ ಸಿಗೋದು ಮೆಡಿಕಲ್ ಶಾಪು, ಲ್ಯಾಬು. ಒಂದು ಕಡೆ ವೆನ್‌ಲಾಕ್, ಇನ್ನೊಂದು ಕಡೆ ಲೇಡಿಗೋಶನ್, ನಡುವೆ ನಾವು.

ಈ ಲೇಖನ ಮೂವರೂ ಒಂದೇ ಮಂಚದ ಮೇಲೆ ಕೂತು ಬರೆದದ್ದು. ನಮ್ಮಲ್ಲಿ ಒಬ್ಬಳಿಗೆ ಥೈರಾಯ್ಡ್. ಯಾರಿಗೆ ಅಂತ ಬರೆಯೋದಿಲ್ಲ. ನಾಳೆ ಕ್ಯಾಂಟೀನಿನಲ್ಲಿ ಬನ್ಸ್ ತಗೊಂಡಾಗ ನೀವೆಲ್ಲ ಅವಳ ತಟ್ಟೆ ನೋಡೋದು ಅವಳಿಗೆ ಬೇಡವಂತೆ. "ಅವಳು" ಅಂತ ಬಂದಲ್ಲೆಲ್ಲ ನಮ್ಮಲ್ಲೊಬ್ಬಳು ಅಂತ ತಿಳ್ಕೊಳ್ಳಿ. ತಪ್ಪು ಮಾತ್ರ ಮೂವರದ್ದೂ.

ಶುರುವಾದದ್ದು ಫ್ಯಾನ್ ಜಗಳದಿಂದ. ಅಕ್ಟೋಬರಿನ ಮಂಗಳೂರು ಹೇಗಿರುತ್ತೆ ನಿಮಗೆ ಗೊತ್ತು, ಸ್ನಾನ ಮಾಡಿ ಬಟ್ಟೆ ಹಾಕುವಷ್ಟರಲ್ಲಿ ಇನ್ನೊಂದು ಸ್ನಾನ ಬೇಕು. ಅಂಥ ಸೆಕೆಯಲ್ಲಿ ಅವಳು ರಾತ್ರಿ ಎದ್ದು ಫ್ಯಾನ್ ಆಫ್ ಮಾಡ್ತಿದ್ದಳು. "ಚಳಿ ಆಗ್ತದೆ" ಅಂದರೆ ನಾವು ನಗ್ತಿದ್ದೆವು. ಹತ್ತು ಗಂಟೆ ಮಲಗಿದರೂ ಬೆಳಗ್ಗೆ ಏಳಲಾಗದು, ಬಾಚಣಿಗೆ ತುಂಬ ಕೂದಲು, ಕ್ಲಾಸಲ್ಲಿ ತೂಕಡಿಕೆ. ಮೂರು ತಿಂಗಳಲ್ಲಿ ನಾಲ್ಕು ಕಿಲೋ ಏರಿ 67 ಆಗಿದ್ದಳು. ನಾವು ಎಂತ ಹೇಳಿದೆವು? "ಪೀಜಿ ಅನ್ನ ಹಿಡಿಸಿದೆ ಮಾರಾಯ್ತಿ!" ದೀಪಾವಳಿಗೆ ಊರಿಗೆ ಹೋದರೆ ಮನೆಗೆ ಬಂದವರೆಲ್ಲ ಚೆನ್ನಾಗಿದ್ದೀಯಾ ಅಂತ ಕೇಳುವ ಮೊದಲೇ "ದಪ್ಪ ಆಗಿದ್ದೀಯಲ್ಲೇ" ಅಂದರಂತೆ. ಅವಳ ಅಮ್ಮ ಮಾತ್ರ ಕೂದಲು ನೋಡಿ ರಕ್ತ ಪರೀಕ್ಷೆ ಮಾಡಿಸು ಅಂದರು.

ಟಿಎಸ್‌ಎಚ್ 14 ಬಂತು. ಪಕ್ಕದಲ್ಲೇ ಲ್ಯಾಬಿನವರು ಸಾಮಾನ್ಯ ಮಟ್ಟ ಅಂತ ಹಾಕಿದ್ದು ಸುಮಾರು 0.4ರಿಂದ 4. ಡಾಕ್ಟರ್ ಮೇಡಂ 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಬರೆದು, ಆರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಬರಲು ಹೇಳಿದರು.

"ಮೀನು ತಿನ್ನೋ ಊರಲ್ಲಿ ಥೈರಾಯ್ಡಾ?" ಅಂತ ಪೀಜಿ ಆಂಟಿಗೆ ಆಶ್ಚರ್ಯ. ನಮಗೂ ಶಾಲೆಯಲ್ಲಿ ಓದಿದ್ದು ಅಯೋಡಿನ್ ಕೊರತೆ, ಗಳಗಂಡ ಅಷ್ಟೇ. ಅಯೋಡಿನ್ ಉಪ್ಪು ಎಲ್ಲ ಅಡುಗೆಮನೆಗೆ ಬಂದ ಮೇಲೆ ಕಥೆ ಬೇರೆ. ಈಗ ಹೆಚ್ಚಾಗಿ ಕಾರಣ ನಮ್ಮದೇ ದೇಹದ ರೋಗನಿರೋಧಕ ಶಕ್ತಿ ಥೈರಾಯ್ಡ್ ಗ್ರಂಥಿಯನ್ನು ಪರರದ್ದು ಅಂದ್ಕೊಂಡು ಹಾಳು ಮಾಡುವುದು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಇದನ್ನು ವಿವರಿಸಿದ್ದರಿಂದ ಅವರದ್ದೇ ಹೆಸರು. ಹೆಂಗಸರಲ್ಲಿ ಇದು ಗಂಡಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಜನರಿಗೆ ಥೈರಾಯ್ಡ್ ಮಂದವಾಗಿತ್ತು. ಪೀಜಿ ಅನ್ನದ ತಪ್ಪೇನೂ ಇರಲಿಲ್ಲ.

ಮಾತ್ರೆ ತಗೊಳ್ಳೋದು ಸುಲಭ ಅಂದ್ಕೊಂಡಿದ್ದೆವು. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಇಲ್ಲ. ಆದರೆ ಆಂಟಿಯ ಫಿಲ್ಟರ್ ಕಾಫಿ ಆರೂವರೆಗೆ ಬಾಗಿಲಿಗೆ ಬರ್ತಿತ್ತು, ಅವಳು ಮಾತ್ರೆ ನುಂಗಿ ಹಿಂದಿನಿಂದಲೇ ಕಾಫಿ ಹೀರ್ತಿದ್ದಳು. ಜನವರಿಯಲ್ಲಿ ನೋಡಿದರೆ ಟಿಎಸ್‌ಎಚ್ ಇನ್ನೂ 7. ಕಾಫಿ ಈ ಮಾತ್ರೆಯನ್ನು ರಕ್ತಕ್ಕೆ ಸೇರಲು ಬಿಡೋದಿಲ್ಲ ಅಂತ ಆಗ ಗೊತ್ತಾಯ್ತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕೂದಲಿಗೆ ಅಂತ ಅವಳು ತರಿಸಿದ್ದ ಬಯೋಟಿನ್ ಗುಳಿಗೆ ಇನ್ನೂ ತರಲೆ, ಅದು ರಕ್ತ ಪರೀಕ್ಷೆಯ ಲೆಕ್ಕವನ್ನೇ ತಪ್ಪಿಸಬಹುದು. ಡಾಕ್ಟರ್ ಡೋಸ್ 75ಕ್ಕೆ ಏರಿಸಿದರು, ನಾವು ಐದೂವರೆಗೆ ಅಲಾರಂ ಇಟ್ಟೆವು. ಫೆಬ್ರವರಿ ಕೊನೆಗೆ 2.8.

ಆ ರಿಪೋರ್ಟ್ ಬಂದ ಸಂಜೆ ಮಾರ್ಕೆಟ್ ರೋಡಿನ ಐಡಿಯಲ್‌ಗೆ ಹೋಗಿ ಮೂವರೂ ಗಡ್‌ಬಡ್ ತಿಂದೆವು. ಅವಳು ಮತ್ತೆ ಫ್ಯಾನ್ ಕೆಳಗೆ ಮಲಗತೊಡಗಿದ್ದಳು, ಕ್ಲಾಸಲ್ಲಿ ಎಚ್ಚರವಾಗಿದ್ದಳು. ಆದರೆ ತೂಕ? ಒಂದೂವರೆ ಕಿಲೋ ಮಾತ್ರ ಇಳಿದು 65.5ಕ್ಕೆ ನಿಂತುಬಿಟ್ಟಿತು.

ಇಲ್ಲಿ ನಮ್ಮ ಇಂಜಿನಿಯರಿಂಗ್ ಬುದ್ಧಿ ಕೆಲಸ ಮಾಡಿತು. ಏಪ್ರಿಲಿನಲ್ಲಿ ಟ್ರೆಡಿಷನಲ್ ಡೇ. ಅವಳಿಗೆ ಅಮ್ಮನ ರೇಷ್ಮೆ ಸೀರೆ ಉಡಬೇಕಿತ್ತು, ಬ್ಲೌಸು ಹಿಡೀತಿರಲಿಲ್ಲ. ಹಾಸಿಗೆ ಮೇಲೆ ಕೂತು ಲೆಕ್ಕ ಹಾಕಿದೆವು. ಥೈರಾಯ್ಡ್ ಕಡಿಮೆ ಆದರೆ ತೂಕ ಏರುತ್ತೆ, ಹಾಗಾದರೆ ಜಾಸ್ತಿ ಆದರೆ ಇಳಿಯಲೇಬೇಕಲ್ಲ? ಇನ್‌ಪುಟ್ ಡಬಲ್ ಮಾಡಿದರಾಯ್ತು. ಒಬ್ಬಳು ಹೇಳಿದಳು, ಇನ್ನೊಬ್ಬಳು "ಹೌದು, ಎರಡು ತಗೋ, ಒಂದು ತಿಂಗಳಷ್ಟೇ" ಅಂದಳು. ಡಾಕ್ಟರಿಗೆ ಫೋನ್ ಮಾಡುವ ಅಂತ ಮೂವರಲ್ಲಿ ಯಾರಿಗೂ ಅನಿಸಲಿಲ್ಲ. ರಾತ್ರಿ ಊಟಾನೂ ಬಿಟ್ಟಳು. ಅವಳ ಪಾಲಿನ ಚಪಾತಿ ನಾವೇ ಹಂಚಿಕೊಂಡು ತಿಂದೆವು ಅಂತ ಬರೆಯೋಕೆ ನಾಚಿಕೆ ಆಗುತ್ತೆ.

ತೂಕ ಇಳಿಯಿತು. ನಾಲ್ಕು ವಾರದಲ್ಲಿ ಎರಡೂವರೆ ಕಿಲೋ. ನಾವು ಚಪ್ಪಾಳೆ ತಟ್ಟಿದೆವು. ಫ್ಯಾನ್ ಐದರಲ್ಲಿ ತಿರುಗಿದರೂ ಅವಳು ಬೆವರುತ್ತಿದ್ದಳು, ರಾತ್ರಿ ಎರಡಕ್ಕೂ ಕಣ್ಣು ಬಿಟ್ಟುಕೊಂಡಿದ್ದಳು. ಒಳ್ಳೇದೇ ಆಯ್ತು, ಇಂಟರ್ನಲ್ಸಿಗೆ ಓದ್ತಾಳೆ ಅಂದ್ಕೊಂಡೆವು. ಲ್ಯಾಬಲ್ಲಿ ಪ್ರೋಬ್ ಹಿಡಿದ ಕೈ ನಡುಗಿ ರೀಡಿಂಗ್ ನಿಲ್ತಿರಲಿಲ್ಲ. ಒಂದು ಸಂಜೆ ಪೀಜಿ ಮೆಟ್ಟಿಲಲ್ಲಿ ಎರಡನೇ ಮಹಡಿಗೆ ಬಂದು ಕೂತವಳು ಏಳಲಿಲ್ಲ. ನಮ್ಮ ಕೈ ತಗೊಂಡು ಎದೆ ಮೇಲೆ ಇಟ್ಟುಕೊಂಡಳು. ಓಡಿ ಬಂದವಳ ಹಾಗೆ ಹೊಡ್ಕೊಳ್ತಿತ್ತು. ಕೂತು ಹತ್ತು ನಿಮಿಷ ಆಗಿತ್ತು, ಆದರೂ ನಾಡಿ 130ರ ಮೇಲೆ.

ಅವತ್ತೇ ಡಾಕ್ಟರ ಹತ್ತಿರ ಕರ್ಕೊಂಡು ಹೋದೆವು. ಇಸಿಜಿ ಆಯ್ತು. ಹೃದಯದ ಲಯ ತಪ್ಪಿರಲಿಲ್ಲ, ವೇಗ ಮಾತ್ರ ಜಾಸ್ತಿ ಇತ್ತು. ಮಾರನೇ ದಿನ ಬಂದ ಟಿಎಸ್‌ಎಚ್ 0.05.

ಡಾಕ್ಟರ್ ಮೇಡಂ ಬೈಯಲಿಲ್ಲ. "ಇದು ತೂಕ ಇಳಿಸುವ ಮಾತ್ರೆ ಅಲ್ಲಮ್ಮ. ನಿನ್ನ ದೇಹ ಮಾಡಬೇಕಾದದ್ದನ್ನು ಮಾಡ್ತಿಲ್ಲ, ಅಷ್ಟನ್ನು ಮಾತ್ರ ನಾವು ತುಂಬಿ ಕೊಡೋದು. ಈಗ ಇಳಿದದ್ದು ಬರೀ ಕೊಬ್ಬು ಅಲ್ಲ, ಸ್ನಾಯುವೂ ಹೋಗಿದೆ. ಹೀಗೇ ಬಿಟ್ಟರೆ ಹೃದಯದ ಲಯ ತಪ್ಪುತ್ತೆ, ಮೂಳೆ ಸವೆಯುತ್ತೆ" ಅಂದರು. ಈ ಮಾತ್ರೆಯನ್ನು ಬೊಜ್ಜು ಕರಗಿಸಲು ಬಳಸಬಾರದು, ಹೆಚ್ಚು ಡೋಸ್ ಜೀವಕ್ಕೇ ಅಪಾಯ ಅಂತ ಅಮೆರಿಕದಲ್ಲಿ ಔಷಧದ ಮಾಹಿತಿ ಪತ್ರದಲ್ಲೇ ಚೌಕಟ್ಟು ಹಾಕಿ ಮುದ್ರಿಸುತ್ತಾರೆ ಅಂತ ಆಮೇಲೆ ಓದಿದೆವು.

"ಎರಡು ತಗೋ ಅಂತ ಯಾರು ಹೇಳಿದ್ದು?" ಅಂತ ಡಾಕ್ಟರ್ ಕೇಳಿದರು. ನಾವಿಬ್ಬರೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆವು. "ಯಾರೂ ಅಲ್ಲ ಡಾಕ್ಟರ್, ನಾನೇ" ಅಂದಳು. ಆಗ ಬಾಯಿ ಬಿಟ್ಟು ಹೇಳುವ ಧೈರ್ಯ ನಮಗೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇವೆ. ಹೇಳಿದ್ದು ನಾವು.

ನಾಚಿಕೆ ಇನ್ನೊಂದು ಉಂಟು. ಆ ಸೆಮಿಸ್ಟರಿನಲ್ಲಿ ನಾವು ಓದ್ತಿದ್ದದ್ದೇ ಕಂಟ್ರೋಲ್ ಸಿಸ್ಟಮ್ಸ್. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸಿ "ಇನ್ನೂ ಬೇಕು" ಅಂತ ಥೈರಾಯ್ಡಿಗೆ ಹೇಳುತ್ತೆ. ಥೈರಾಕ್ಸಿನ್ ಸಾಕಷ್ಟಾದರೆ ಟಿಎಸ್‌ಎಚ್ ತಾನಾಗಿ ಇಳಿಯುತ್ತೆ. ಶುದ್ಧ ನೆಗೆಟಿವ್ ಫೀಡ್‌ಬ್ಯಾಕ್. ಥೈರಾಕ್ಸಿನ್ನಿನ ಅರ್ಧಾಯು ಸುಮಾರು ಏಳು ದಿನ. ಹೊಸ ಡೋಸಿನಲ್ಲಿ ರಕ್ತದ ಮಟ್ಟ ಸ್ಥಿರವಾಗಲು ನಾಲ್ಕೈದು ಅರ್ಧಾಯು ಬೇಕು, ಅಂದರೆ ನಾಲ್ಕೈದು ವಾರ. ಡಾಕ್ಟರ್ ಆರು ವಾರ ಬಿಟ್ಟು ಬಾ ಅಂದದ್ದು ಸುಮ್ಮನೆ ಅಲ್ಲ, ಸೆಟ್ಲಿಂಗ್ ಟೈಮ್! ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಉತ್ತರ ಬರೆದವರು, ಮಂಚದ ಮೇಲೆ ಕೂತಾಗ ನಿಧಾನದ ಸಿಸ್ಟಮ್ಮಿಗೆ ಗೇನ್ ಏರಿಸಿ ಓವರ್‌ಶೂಟ್ ಮಾಡಿಸಿದೆವು. ತಗೊಂಡದ್ದು ಇಳಿಯೋಕೂ ಅಷ್ಟೇ ವಾರ. ಕೆಲವು ದಿನ ಮಾತ್ರೆ ನಿಲ್ಲಿಸಿ, ಮತ್ತೆ 75ಕ್ಕೆ ಬಂದು, ನಿದ್ದೆ ಸರಿಹೋಗುವಾಗ ಮೇ ಮುಗಿದಿತ್ತು. ಟ್ರೆಡಿಷನಲ್ ಡೇಗೆ ಅವಳು ಹೋಗಲೇ ಇಲ್ಲ.

ಆಮೇಲೆ ಡಾಕ್ಟರ್ ಇನ್ನೊಂದು ವಿಷಯ ಹೇಳಿದರು. ಥೈರಾಯ್ಡ್ ಮಂದವಾದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ, ಅದರಲ್ಲಿ ಬಹುಪಾಲು ಮೈಯಲ್ಲಿ ನಿಂತ ಉಪ್ಪು ನೀರು. ಮಾತ್ರೆ ಸರಿಯಾದ ಮೇಲೆ ಅಷ್ಟು ಹೋಗಬಹುದು. ಉಳಿದದ್ದನ್ನು ಎಲ್ಲರ ಹಾಗೆಯೇ ಇಳಿಸಬೇಕು. ಕೇಳಿ ಅವಳಿಗೆ ಬೇಜಾರಾಯ್ತು, ರಾತ್ರಿ ಅತ್ತಳು. ಬೆಳಗ್ಗೆ ಎದ್ದು "ಹಾಗಾದರೆ ನನ್ನ ಮೈಯೂ ಎಲ್ಲರ ಹಾಗೇ ಅಂತಾಯ್ತು" ಅಂದಳು.

ಆಮೇಲೆ ಮಾಡಿದ್ದರಲ್ಲಿ ವಿಶೇಷ ಏನಿಲ್ಲ. ಐದೂವರೆಗೆ ಮಾತ್ರೆ, ಆರಕ್ಕೆ ಮೂವರೂ ಹೊರಗೆ. ಹಂಪನಕಟ್ಟೆ ಸಿಗ್ನಲ್ಲಿನಿಂದ ಬಾವುಟಗುಡ್ಡೆ ಏರು ಹತ್ತಿ, ಅಲೋಶಿಯಸ್ ಚಾಪೆಲ್ ದಾಟಿ, ಟ್ಯಾಗೋರ್ ಪಾರ್ಕಿನಲ್ಲಿ ಐದು ನಿಮಿಷ ಕೂತು, ಜ್ಯೋತಿವರೆಗೆ ಹೋಗಿ ವಾಪಸ್. ಮೊದಲ ವಾರ ಏರಿನ ಅರ್ಧದಲ್ಲೇ ನಿಂತಿದ್ದು ಅವಳಲ್ಲ, ಉಳಿದಿಬ್ಬರು. ವಾಪಸ್ ಬರುವಾಗ ಏಳು ಗಂಟೆ, ಆಗ ಆಂಟಿಯ ಕಾಫಿ. ಆಂಟಿ ಈಗ ತಡವಾಗಿಯೇ ತರ್ತಾರೆ, "ನಿಮ್ಮ ಮಾತ್ರೆಗೋಸ್ಕರ ನನ್ನ ಕಾಫಿ ಲೇಟು" ಅಂತ ಗೊಣಗ್ತಾರೆ. ಮಧ್ಯರಾತ್ರಿ ಮ್ಯಾಗಿ ನಿಲ್ಲಿಸಿದೆವು. ರಾತ್ರಿ ಊಟ ಬಿಡೋದು ನಿಲ್ಲಿಸಿದಳು. ಕುಚ್ಚಲಕ್ಕಿ ಗಂಜಿ ಒಂದು ಸೌಟು ಕಡಿಮೆ, ಹೆಸರುಕಾಳಿನ ಪಲ್ಯ ಒಂದು ಸೌಟು ಜಾಸ್ತಿ. ಗೋಳಿಬಜೆ ಬಿಟ್ಟಿಲ್ಲ, ಪ್ಲೇಟು ಮೂವರಿಗೆ ಒಂದು. ತೂಕ ನೋಡೋದು ಭಾನುವಾರ ಮಾತ್ರ. ದಿನಾ ನೋಡಿದರೆ ನೀರು ಏರಿಳಿದದ್ದಕ್ಕೆಲ್ಲ ತಲೆ ಕೆಡುತ್ತೆ, ಅದು ಸಿಗ್ನಲ್ ಅಲ್ಲ, ನಾಯ್ಸ್.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಬಾಯಿಗೆ ಬೀಗ ಹಾಕೋದು. "ಇಳಿದಿದ್ದೀಯಾ?", "ಇದನ್ನ ತಿನ್ನಬಹುದಾ ನೀನು?" ಅಂತ ಕೇಳಿದಾಗಲೆಲ್ಲ ಹತ್ತು ರೂಪಾಯಿ ಡಬ್ಬಿಗೆ. ಮೊದಲ ತಿಂಗಳೇ ನೂರಾ ಎಂಬತ್ತು ಸೇರಿತು. ಅದರಲ್ಲಿ ಗಡ್‌ಬಡ್ ತಿಂದೆವು, ಅವಳಿಗೆ ಪುಕ್ಕಟೆ.

ಹತ್ತು ತಿಂಗಳಾಯ್ತು. ಮಾತ್ರೆ ಸರಿಮಾಡಿದ ಮೇಲೆ ಓವರ್‌ಡೋಸಿನಲ್ಲಿ ಹೋದದ್ದೆಲ್ಲ ವಾಪಸ್ ಬಂದು 65.5 ಆಗಿತ್ತು. ಈಗ 61.8. ಕೆಲವು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಕಳೆದ ಟಿಎಸ್‌ಎಚ್ 2.1, ಇನ್ನು ಆರು ತಿಂಗಳಿಗೊಮ್ಮೆ ನೋಡಿದರೆ ಸಾಕಂತೆ. ಮಾತ್ರೆ ಬಹುಶಃ ಬದುಕಿಡೀ ಇರುತ್ತೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಅನ್ನುವ ಡಾಕ್ಟರ್ ಕುರಿಯ ಥೈರಾಯ್ಡಿನ ರಸವನ್ನು ರೋಗಿಯೊಬ್ಬರಿಗೆ ಚುಚ್ಚಿದಾಗ ಆಕೆ ಮತ್ತೆ 28 ವರ್ಷ ಬದುಕಿದರಂತೆ. ಅದನ್ನು ಓದಿ "ನನ್ನ ಪುಣ್ಯ, ಬರೀ ಒಂದು ಬಿಳಿ ಮಾತ್ರೆ" ಅಂದಳು ಅವಳು.

ನಮ್ಮ ಕ್ಯಾಂಪಸ್ಸಿನಲ್ಲಿ ಬ್ಯಾಗಿನ ಒಳಜೇಬಲ್ಲಿ ಇದೇ ಮಾತ್ರೆ ಬಾಟಲಿ ಬಚ್ಚಿಟ್ಟುಕೊಂಡವರು ಇನ್ನೂ ಕೆಲವರಾದರೂ ಇರ್ತೀರಿ. ನಿಮಗೆ ನಾವು ಹೇಳೋದು ಇಷ್ಟೇ: ಡೋಸ್ ಡಾಕ್ಟರಿಗೆ ಬಿಡಿ, ಆರು ವಾರ ಕಾಯಿರಿ. ನಿಮ್ಮ ರೂಮ್‌ಮೇಟ್ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿದರೆ ನಗುವ ಮೊದಲು ಒಂದು ಪರೀಕ್ಷೆ ಮಾಡಿಸಲು ಹೇಳಿ. ಲೆಕ್ಕ ಹಾಕಿ ಸಲಹೆ ಮಾತ್ರ ಕೊಡಬೇಡಿ.

ಹನ್ನೊಂದಾಯ್ತು, ನಿಲ್ಲಿಸ್ತೇವೆ. ರಾತ್ರಿ ಮಲಗುವ ಮೊದಲು ಅವಳ ತಲೆದಿಂಬಿನ ಹತ್ತಿರ ಒಂದು ಲೋಟ ನೀರು ಮುಚ್ಚಿಡೋದು ನಮ್ಮಿಬ್ಬರ ಸರದಿ ಕೆಲಸ. ಇವತ್ತು ಯಾರದ್ದು ಅಂತ ಜಗಳ ನಡೀತಿದೆ. ಫ್ಯಾನ್ ಮೂರರಲ್ಲಿದೆ, ಅದರ ಬಗ್ಗೆ ಯಾರದ್ದೂ ತಕರಾರಿಲ್ಲ.