ಮುಳುಗಿಸುವವನನ್ನು ನಂಬುವ ಮುನ್ನ

ಒಬ್ಬನು ಇನ್ನೊಬ್ಬನನ್ನು ‘ಮುಳುಗಿಸಿದ’ನೆಂದರೆ ಕನ್ನಡ ನಾಡಿನಲ್ಲಿ ಯಾರೂ ಅದನ್ನು ಒಳ್ಳೆಯ ಮಾತೆಂದು ತಿಳಿಯುವುದಿಲ್ಲ; ಮೋಸಮಾಡಿ ಮನೆ ಹಾಳುಮಾಡಿದನೆಂದೇ ಅದರ ಅರ್ಥ. ಮೆಕ್ಸಿಕೋ ದೇಶದ ಕೊಸುಮೆಲ್ ದ್ವೀಪದಲ್ಲಾದರೋ ಮುಳುಗಿಸುವುದು ಒಂದು ಗೌರವದ ಕಸುಬು. ಪ್ರವಾಸಿಗಳ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಅವರನ್ನು ಕೆರಿಬಿಯನ್ ಕಡಲಿನ ಹವಳದ ಲೋಕಕ್ಕೆ ಇಳಿಸಿ, ಮತ್ತೆ ಮೇಲಕ್ಕೆ ಕರೆತರುವ ಅಂಗಡಿಗಳು ಅಲ್ಲಿಯ ಸಾನ್ ಮಿಗೆಲ್ ಪಟ್ಟಣದಲ್ಲಿ ಬಹಳ. ಎಲ್ಲರ ಹಲಗೆಯ ಮೇಲೂ ಬಣ್ಣದ ಮೀನು. ಎಲ್ಲರ ಬಾಯಲ್ಲೂ ಸವಿಮಾತು. ರಜೆಗೆಂದು ಬಂದಿಳಿದವನು ಇವರಲ್ಲಿ ಯಾರನ್ನು ನಂಬಬೇಕು?

ದೋಣಿಯವನನ್ನು ನಂಬಿ ಕೊಸುಮೆಲ್‌ಗೆ ಬರುವುದು ಹೊಸತೇನಲ್ಲ. ಮಾಯಾ ಜನರ ಕಾಲದಲ್ಲಿ ಇಶ್ಚೆಲ್ ಎಂಬ ದೇವಿಯ ಗುಡಿ ಇಲ್ಲಿತ್ತು. ಸಂತಾನವನ್ನು ಬೇಡುವ ಹೆಂಗಸರು ಮರದ ದೋಣಿಗಳಲ್ಲಿ ಕಡಲು ದಾಟಿ ಆಕೆಯ ದರ್ಶನಕ್ಕೆ ಬರುತ್ತಿದ್ದರು. ಮೆಕ್ಸಿಕೋವನ್ನು ಗೆಲ್ಲಲು ಹೊರಟ ಸ್ಪೇನಿನ ಕೊರ್ಟೆಸ್ 1519ರಲ್ಲಿ ಇಲ್ಲಿಯೇ ಇಳಿದನು. ಈಗ ಯುಕಟಾನ್ ತೀರದ ಪ್ಲಾಯಾ ಡೆಲ್ ಕಾರ್ಮೆನ್ ಊರಿನಿಂದ ಯಂತ್ರದ ಹಡಗಿನಲ್ಲಿ ಸುಮಾರು 45 ನಿಮಿಷಗಳ ಪಯಣ. ಭಾರಿ ವಿಹಾರನೌಕೆಗಳೂ ಬಂದು, ಸಾವಿರಾರು ಜನರನ್ನು ಕೆಲವೇ ಗಂಟೆಗಳ ಮಟ್ಟಿಗೆ ಇಳಿಸಿಹೋಗುತ್ತವೆ.

ಇವರಲ್ಲಿ ಬಹುಮಂದಿಯನ್ನು ಸೆಳೆಯುವುದು ದ್ವೀಪದ ನೈರುತ್ಯ ದಿಕ್ಕಿನ ಹವಳದ ದಿಬ್ಬಗಳು. 1996ರಲ್ಲಿ ಸರ್ಕಾರವು ಇವನ್ನು ರಕ್ಷಿತ ಪ್ರದೇಶವೆಂದು ಸಾರಿತು. ಪಲಾಂಕಾರ್ ಎಂಬಲ್ಲಿ ಹವಳವು ಗೋಪುರಗಳಂತೆ ಎದ್ದು, ನಡುನಡುವೆ ಓಣಿಗಳನ್ನೂ ಗುಹೆಗಳನ್ನೂ ಬಿಟ್ಟಿದೆ. ಸಾಂತಾ ರೋಸಾ ಎಂಬಲ್ಲಿ ಕೋಟೆಯ ಗೋಡೆಯಂತೆ ಕಡಿದಾಗಿ ಕತ್ತಲೆಯೊಳಕ್ಕೆ ಇಳಿದಿದೆ. ಅದರ ಮಗ್ಗುಲಲ್ಲಿ ಆಮೆಗಳು ಅವಸರವಿಲ್ಲದೆ ತೇಲಿಹೋಗುತ್ತವೆ.

ನೋಡುವವನೂ ಅಲ್ಲಿ ಈಜಬೇಕಾಗಿಲ್ಲ. ದ್ವೀಪದ ಪಶ್ಚಿಮ ಮಗ್ಗುಲಲ್ಲಿ ಹರಿಯುವ ಸೆಳವು ಆತನನ್ನು ತಾನೇ ಹೊತ್ತೊಯ್ಯುತ್ತದೆ. ಕೊಸುಮೆಲ್‌ನ ಸುಖವೂ ಅದೇ, ಅಪಾಯವೂ ಅದೇ. ದೋಣಿಯು ಲಂಗರು ಹಾಕಿ ನಿಲ್ಲುವುದಿಲ್ಲ; ನೀರ ಮೇಲೆ ಒಡೆಯುವ ಉಸಿರಿನ ಗುಳ್ಳೆಗಳನ್ನು ಅರಸುತ್ತ ಹಿಂದೆಯೇ ಬರುತ್ತದೆ. ಇಳಿದ ಜಾಗ ಒಂದು, ಏಳುವ ಜಾಗ ಮತ್ತೊಂದು. ಅಂಬಿಗನ ಕಣ್ಣು ತಪ್ಪಿದರೆ ಮೇಲೆದ್ದವನ ಸುತ್ತ ಬರಿಯ ಕಡಲು.

ನೀರೊಳಗಿನ ನಿಯಮಗಳಾದರೋ ಕ್ಷಮೆಯನ್ನರಿಯವು. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟು. 30 ಮೀಟರಿನಲ್ಲಿ ನಾಲ್ಕರಷ್ಟು. ಸಿಲಿಂಡರಿನ ಗಾಳಿಯೂ ಅಷ್ಟೇ ಬೇಗ ಮುಗಿಯುತ್ತದೆ. ಹೆದರಿ ಉಸಿರು ಬಿಗಿಹಿಡಿದು ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಆಳದಲ್ಲಿ ರಕ್ತದಲ್ಲಿ ಕರಗಿದ ಸಾರಜನಕವು, ಬೇಗ ಮೇಲೆ ಬಂದರೆ, ಸೋಡಾ ಸೀಸೆಯ ಬಿರಡೆ ತೆಗೆದಂತೆ ಗುಳ್ಳೆಯಾಗಿ ಕೀಲುಗಳಲ್ಲಿಯೂ ನರಗಳಲ್ಲಿಯೂ ಸಿಲುಕುತ್ತದೆ. ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬವರು 1943ರಲ್ಲಿ ರೂಪಿಸಿದ ಉಸಿರಾಟದ ಯಂತ್ರವು ಕಡಲನ್ನು ಸಾಮಾನ್ಯರಿಗೂ ತೆರೆದಿಟ್ಟಿತು. ಕಡಲಿನ ಸ್ವಭಾವವನ್ನು ಬದಲಿಸಲಿಲ್ಲ.

ಆದ್ದರಿಂದ ಅಂಗಡಿಯ ಹೊಸ್ತಿಲಲ್ಲಿ ಗಮನಿಸಬೇಕಾದ ಮೊದಲ ಸಂಗತಿ ಬೆಲೆಯಲ್ಲ. ಪ್ರಶ್ನೆಯನ್ನು ಕೇಳುವವರು ಯಾರು ಎಂಬುದು. ಪ್ರವಾಸಿಯೊಬ್ಬನೇ ಕೇಳುತ್ತ, ಅಂಗಡಿಯವನು ಎಲ್ಲಕ್ಕೂ ‘ಆಗಲಿ’ ಎನ್ನುತ್ತ ಹೋದರೆ ಅಲ್ಲಿಂದ ಹೊರಬರುವುದು ಲೇಸು. ಒಳ್ಳೆಯವನು ತಾನೇ ವಿಚಾರಿಸುತ್ತಾನೆ: ತರಬೇತಿಯ ಪತ್ರ ಎಲ್ಲಿ? ಕೊನೆಯ ಬಾರಿ ಮುಳುಗಿದ್ದು ಯಾವಾಗ? ಉಬ್ಬಸವುಂಟೆ, ಹೃದಯದ ತೊಂದರೆಯುಂಟೆ? ಈ ಹೊತ್ತು ನೆಗಡಿಯೇನಾದರೂ ಇದೆಯೆ? ಮೂಗು ಕಟ್ಟಿದವನ ಕಿವಿಯ ತಮಟೆ ನೀರಿನ ಒತ್ತಡವನ್ನು ತಾಳಲಾರದೆಂಬುದು ಆತನಿಗೆ ಗೊತ್ತು.

ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಒಮ್ಮೆ ಶಿಕ್ಷಕನ ಕೈಹಿಡಿದು ಮುಳುಗಿ ಬಂದ ಕನ್ನಡಿಗರು ಈಗ ಎಷ್ಟೋ ಮಂದಿ. ಅದು ಕಡಲಿನ ರುಚಿ ತೋರಿಸುವ ಪರೀಕ್ಷೆ ಮಾತ್ರ, ಪರವಾನಗಿಯಲ್ಲ. ಮೊದಲ ಹಂತದ ತರಬೇತಿ ಮುಗಿಸಿದವನಿಗೂ 18 ಮೀಟರಿನ ಮಿತಿಯುಂಟು. ಕೊಸುಮೆಲ್‌ನ ದಕ್ಷಿಣದ ತುದಿಯಲ್ಲಿ ‘ಸೈತಾನನ ಗಂಟಲು’ ಎಂಬ ಸುರಂಗವಿದೆ. ಅದರ ಬಾಯಿಂದ ಹೊರಬೀಳುವ ಹೊತ್ತಿಗೆ ಆಳವು 40 ಮೀಟರಿನ ಸಮೀಪಕ್ಕೆ ಬಂದಿರುತ್ತದೆ. ಹೆಸರಿಗೆ ಮರುಳಾಗಿ ಹೊಸಬನು ಅಲ್ಲಿಗೇ ಒಯ್ಯಬೇಕೆಂದು ಹಟಮಾಡಿದರೆ ಹಣ ಎಣಿಸಿಕೊಂಡು ಒಪ್ಪುವವರೂ ಇರಬಹುದು. ‘ಈ ಸಲ ಬೇಡ’ ಎಂದು ನಕ್ಕು ಹೇಳುವವನೇ ನಂಬಿಕೆಗೆ ಯೋಗ್ಯ.

ಎರಡನೆಯದಾಗಿ ನೋಡಬೇಕಾದುದು ದೋಣಿಯನ್ನು. ಒಬ್ಬ ಮಾರ್ಗದರ್ಶಿಯ ಪಾಲಿಗೆ ಎಷ್ಟು ಜನ? ಆಮ್ಲಜನಕದ ಪೆಟ್ಟಿಗೆ ದೋಣಿಯಲ್ಲಿಯೇ ಇದೆಯೆ, ಅಂಗಡಿಯ ಮೂಲೆಯಲ್ಲಿ ಉಳಿದಿದೆಯೆ? ಮೇಲೇಳುವ ಮುನ್ನ ಉಬ್ಬಿಸಿ ಬಿಡುವ ಕಿತ್ತಳೆ ಬಣ್ಣದ ಉದ್ದ ಚೀಲ ಮಾರ್ಗದರ್ಶಿಯ ಬಳಿಯಿದೆಯೆ? ಸಿಲಿಂಡರಿನ ಗಾಳಿಗೆ ವಾಸನೆಯಿರಕೂಡದು. ಎಣ್ಣೆಯ ಅಥವಾ ಹೊಗೆಯ ನಾತ ಬಂದರೆ ಅದನ್ನು ಮುಟ್ಟಲೇಬಾರದು.

ಎಲ್ಲಕ್ಕಿಂತ ಮಿಗಿಲಾಗಿ, ತಲೆ ಎಣಿಸುವವರು ಯಾರು? 1998ರ ಜನವರಿಯಲ್ಲಿ, ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ, ಇಪ್ಪತ್ತಾರು ಜನರನ್ನು ಒಯ್ದ ದೋಣಿಯೊಂದು ಇಪ್ಪತ್ನಾಲ್ಕು ಜನರೊಡನೆ ಹಿಂದಿರುಗಿತು. ನೀರೊಳಗಿದ್ದ ಅಮೆರಿಕದ ದಂಪತಿಗಳನ್ನು ಮರೆತು ಬಂದದ್ದು ತಿಳಿದದ್ದು ಎರಡು ದಿನಗಳ ಮೇಲೆ. ಅವರು ಮತ್ತೆ ಸಿಗಲೇ ಇಲ್ಲ. ಯಂತ್ರ ಕೆಟ್ಟಿರಲಿಲ್ಲ, ಬಿರುಗಾಳಿ ಎದ್ದಿರಲಿಲ್ಲ, ಎಣಿಕೆಯಷ್ಟೇ ತಪ್ಪಿತ್ತು.

ಮೂರನೆಯದು, ಬೇಡವೆನ್ನುವ ಧೈರ್ಯ. ಚಳಿಗಾಲದಲ್ಲಿ ‘ನೊರ್ತೆ’ ಎಂಬ ಉತ್ತರದ ಗಾಳಿ ಬೀಸತೊಡಗಿದರೆ ಬಂದರಿನ ಅಧಿಕಾರಿ ಸಣ್ಣ ದೋಣಿಗಳ ಸಂಚಾರವನ್ನು ನಿಲ್ಲಿಸುತ್ತಾನೆ. ದೂರದಿಂದ ಬಂದ ಸಂಸಾರಕ್ಕೆ ರಜೆಯ ಒಂದು ದಿನ ವ್ಯರ್ಥವಾಯಿತೆಂಬ ಸಂಕಟ ಸಹಜವೇ. ಆ ಹೊತ್ತು ಹಣ ಹಿಂದಿರುಗಿಸಿ, ಇಲ್ಲವೆ ಬೇರೆ ದಿನ ಗೊತ್ತುಮಾಡಿ ಸಮಾಧಾನ ಹೇಳುವವನು ದೊಡ್ಡವನು. ವಿಮಾನವೇರುವ ದಿನದ ಬೆಳಗಿನಲ್ಲಿಯೂ ಆತ ಯಾರನ್ನೂ ನೀರಿಗಿಳಿಸನು. ಹಲವು ಬಾರಿ ಮುಳುಗಿದವರು ಹಾರುವ ಮುನ್ನ ಕಡೆಯ ಪಕ್ಷ 18 ಗಂಟೆ ತಡೆಯಬೇಕು.

ಒಂದು ದಿನದ ವಿಹಾರ ಮುಗಿದು ಎಲ್ಲರೂ ಒದ್ದೆ ಮೈಯಲ್ಲಿ, ನೀರಲ್ಲಿ ಕಂಡ ಮೀನುಗಳ ಹೆಸರು ಹೇಳುತ್ತ ದೋಣಿಗೆ ಹತ್ತುತ್ತಾರೆ. ಒಳ್ಳೆಯ ಅಂಬಿಗನು ಆ ಮಾತಿಗೆ ಕಿವಿಗೊಡುವುದಿಲ್ಲ. ಬೆರಳು ಮಡಿಸಿ ಎಣಿಸುತ್ತಾನೆ. ಹೆಸರು ಕೂಗಿ ಮತ್ತೊಮ್ಮೆ ಎಣಿಸುತ್ತಾನೆ. ಹೋದವರೆಷ್ಟೋ ಬಂದವರೂ ಅಷ್ಟೇ ಎಂದು ತಿಳಿದ ಮೇಲೆಯೇ ದೋಣಿಯನ್ನು ದಡದ ಕಡೆಗೆ ತಿರುಗಿಸುತ್ತಾನೆ. ಮುಳುಗಿಸುವವನ ಕಸುಬಿನ ಗೌರವವೆಲ್ಲ ಆ ಲೆಕ್ಕದಲ್ಲಿದೆ.